ಪಾಠ ಹೇಳುವ ಪೆಟ್ಟಿಗೆ

೧೯೭೧ರಲ್ಲಿ ಹೂಗ್ಯಂ ಕಡೆಯ ಒಂದು ಮಾಧ್ಯಮಿಕ ಶಾಲೆಗೆ ಬಸ್ಸಿನ ಟಾಪಿನ ಮೇಲೆ ಬುದ್ಧಿ ಬಂತು. ಅದರ ಹೆಸರು ಬೋಧನಾ ಯಂತ್ರ. ಪೆಟ್ಟಿಗೆಯ ಮುಖದ ಮೇಲೆ ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ಎರಡು ಗುಂಡಿ. ಉತ್ತರ ಸರಿಯಾದರೆ ಹಸಿರು ದೀಪ, ತಪ್ಪಾದರೆ ಕೆಂಪು. ಶಾಲೆಯಲ್ಲಿ ಕರೆಂಟಿಲ್ಲವೆಂದು ಇಲಾಖೆಯವರು ಬ್ಯಾಟರಿ ಸೆಲ್ಲನ್ನೂ ಕಳಿಸಿದ್ದರು. ವಿಜ್ಞಾನದ ಕೋಣೆಗೆ ಹೆಂಚು ಹಾಕಿಸಿಕೊಡಿ ಎಂಬ ಮೂರು ವರ್ಷದ ಅರ್ಜಿಗೆ ಸಿಕ್ಕ ಉತ್ತರ ಇದು. ಹೆಡ್‌ಮಾಸ್ತರು ಕೆಂಪನಂಜಪ್ಪ ಅದಕ್ಕೆ ಹೂವಿಟ್ಟು, ಕುಂಕುಮ ಹಚ್ಚಿದರು.

ವಿಜ್ಞಾನ ಹೇಳುತ್ತಿದ್ದವಳು ರುದ್ರಾಣಿ, ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯವಳು. ಇನ್ನು ಮೇಲೆ ಪೆಟ್ಟಿಗೆಯೇ ಪಾಠ ಮಾಡುವುದರಿಂದ ಅವಳು ಅದರ ಧೂಳು ಒರೆಸಿದರೆ ಸಾಕೆಂದು ತೀರ್ಮಾನವಾಯಿತು.

ಒಂದು ದಿನ ಕಾಡಿನ ಹಾಡಿಯಿಂದ ಬರುತ್ತಿದ್ದ ಜವರಮ್ಮನ ಸರದಿ. ಹೂಬಿಟ್ಟ ಮೇಲೆ ಬಿದಿರು ಏನಾಗುತ್ತದೆ? ಮತ್ತೆ ಚಿಗುರುತ್ತದೆ, ಇಲ್ಲವೇ ಸಾಯುತ್ತದೆ. ಹುಡುಗಿ 'ಸಾಯುತ್ತದೆ' ಒತ್ತಿದಳು. ಕೆಂಪು ದೀಪ ಹತ್ತಿತು.

"ನಾನೇ ನೋಡಿವ್ನಿ ಟೀಚರೇ. ಊ ಬಿಟ್ಟು ಮೆಳೆಗೆ ಮೆಳೆನೇ ಒಣಗೋಯ್ತು. ಉದುರಿದ ಬಿದಿರಕ್ಕಿ ಆಯ್ಕಂಡು ಗಂಜಿ ಕಾಯಿಸ್ಕಂಡ್ವಿ," ಎಂದಳು ಜವರಮ್ಮ.

"ನೀನು ಕಂಡಿದ್ದು ನಿಜವೋ, ಸರ್ಕಾರದ ಮಿಷನ್ನು ಹೇಳದು ನಿಜವೋ?" ಎಂದು ಕೆಂಪನಂಜಪ್ಪ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. "ಪುಸ್ತಕದಲ್ಲೂ ಅವಳು ಹೇಳಿದಂಗೇ ಇದೆ ಸಾ," ಎಂದಳು ರುದ್ರಾಣಿ. "ಪುಸ್ತಕ ಹಳೇದು ಕಣಮ್ಮ," ಎಂದರು ಅವರು.

ಮಾರನೆಯ ದಿನ ಜವರಮ್ಮ ಶಾಲೆಗೆ ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ. ಅಂದು ಊಟದ ಬಿಡುವಿನಲ್ಲಿ ರುದ್ರಾಣಿ ಇಲಾಖೆಯ ಅರಗಿನ ಮುದ್ರೆ ಒಡೆದು ಪೆಟ್ಟಿಗೆಯ ಬೆನ್ನು ಬಿಚ್ಚಿದಳು. ಸಾವಿರ ಎಳೆಗಳಲ್ಲಿ ತಪ್ಪಿದ ಒಂದನ್ನು ಬೆರಳಲ್ಲೇ ಹುಡುಕಿ ಬೆಳೆದವಳಿಗೆ ನಲವತ್ತು ತಂತಿ ದೊಡ್ಡದಾಗಲಿಲ್ಲ. ಬಿದಿರಿನ ಎರಡು ತಂತಿಗಳು ಅದಲುಬದಲಾಗಿದ್ದವು. ತಿರುಗಿಸಿ ಬಿಗಿದಳು. ಸಂಜೆ ಹಾಡಿಗೆ ನಡೆದು ಜವರಮ್ಮನ ಅವ್ವನ ಮುಂದೆ, "ತಪ್ಪು ಪೆಟ್ಟಿಗೇದು, ಮಗೂದಲ್ಲ," ಎಂದು ಒಪ್ಪಿಕೊಂಡು ಹುಡುಗಿಯನ್ನು ಶಾಲೆಗೆ ಕರೆದಳು.

ತಿಂಗಳ ಕೊನೆಗೆ ಇನ್ಸ್‌ಪೆಕ್ಟರು ಬಂದರು. ಜವರಮ್ಮ ಅದೇ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು.

"ಮೊದಲು ಈ ಹುಡುಗಿ ತಪ್ಪು ಹೇಳೋಳು ಸಾ. ಮಿಷನ್ನು ತಿದ್ದಿ ತಿದ್ದಿ ದಾರಿಗೆ ತಂತು," ಎಂದರು ಕೆಂಪನಂಜಪ್ಪ, ಕಣ್ಣು ತುಂಬಿಕೊಂಡು.

ಯಂತ್ರಕ್ಕೆ ಪ್ರಶಂಸಾಪತ್ರ ಬಂತು. ಮುದ್ರೆ ಒಡೆದದ್ದಕ್ಕೆ ರುದ್ರಾಣಿಗೆ ಮೆಮೋ ಬಂತು. ಯಾರ ಅನುಮತಿಯ ಮೇರೆಗೆ ತೆರೆದಿರಿ ಎಂದು ಕೇಳಿದ್ದರು. ಅವಳು ಅದರ ಕೆಳಗೇ ಬರೆದಳು: "ಯಾರದೂ ಇಲ್ಲ. ಉಳಿದ ಹತ್ತೊಂಬತ್ತು ಪ್ರಶ್ನೆಗಳನ್ನೂ ನೋಡಲು ಈಗ ಅನುಮತಿ ಕೋರುತ್ತೇನೆ."