ಒಂದು ಗುಂಡು, ಒಂದು ಬಟ್ಟೆ

ಹೊಸ ರೈಫಲ್ಲಿನ ನಳಿಗೆಯನ್ನು ಪಳಗಿಸಬೇಕೋ ಬೇಡವೋ ಎಂಬ ಮಾತು ಬಂದರೆ ಸಾಕು, ಕೋವಿ ರಿಪೇರಿಯವನಿಗೂ ಅವನ ಹೆಂಡತಿಯ ತಮ್ಮನಿಗೂ ಊಟ ತಣ್ಣಗಾಗುವವರೆಗೆ ಜಟಾಪಟಿ. ಒಂದು ಗುಂಡು ಹೊಡೆಯಬೇಕು, ನಳಿಗೆ ಒರೆಸಬೇಕು, ಬಟ್ಟೆ ಬೆಳ್ಳಗೆ ಹೊರಬಂದ ಮೇಲೆಯೇ ಇನ್ನೊಂದು ಗುಂಡು. ಒಳಗಿನ ಒರಟುತನ ಹೋಗುವವರೆಗೂ ಹೀಗೇ ಎಂಬುದು ರಿಪೇರಿಯವನ ಪಟ್ಟು. ಭಾವಮೈದುನ ಶೂಟಿಂಗ್ ಕಲಿಸುವವನು. ಈಗಿನ ನಳಿಗೆಗಳು ಕಾರ್ಖಾನೆಯಿಂದಲೇ ನುಣುಪಾಗಿ ಬರುತ್ತವೆ, ನಮ್ಮ ಭಾವ ಹೊಸ ಚಪ್ಪಲಿಯನ್ನೂ ಹೆಜ್ಜೆಗೊಮ್ಮೆ ಒರೆಸಿಕೊಂಡೇ ನಡೆಯುವ ಆಸಾಮಿ ಎಂದು ಎಲ್ಲರೆದುರು ಕಾಲೆಳೆಯುತ್ತಿದ್ದ.

ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ರಿಪೇರಿಯವನ ಒಬ್ಬಳೇ ಮಗಳು. ಸ್ಪರ್ಧೆಗೆಂದು ಅವಳಿಗೆ ಹೊಸ ರೈಫಲ್ ಬಂದಿತ್ತು.

"ಅಪ್ಪಾ, ಒಂದೇ ಒಂದ್ಸಲ ಹತ್ತು ಗುಂಡು ಸಾಲಾಗಿ ಹೊಡೀತೀನಿ. ಇದು ಹೇಗೆ ಅಂತ ನಂಗೂ ಗೊತ್ತಾಗ್ಲಿ."

"ಮೊದ್ಲು ಪಳಗ್ಲಿ. ಆಮೇಲೆ ಎಷ್ಟು ಬೇಕಾದ್ರೂ ಹೊಡಿ."

ಅವಳು ಗೊಣಗುತ್ತಲೇ ನಳಿಗೆ ಒರೆಸಲು ತನ್ನ ಹಳೆಯ ಬಿಳಿ ಸ್ಕೂಲ್ ಶರ್ಟನ್ನು ಚಿಕ್ಕಚಿಕ್ಕ ಚೌಕಗಳಾಗಿ ಕತ್ತರಿಸಿ ಕೊಟ್ಟಳು. ಒಂದು ಸಂಜೆ ಅವಳು ಗುಂಡು ಹೊಡೆಯುವುದಕ್ಕೂ ಶೂಟಿಂಗ್ ಮೈದಾನದ ಬಾಗಿಲು ಹಾಕುವುದಕ್ಕೂ ಸರಿಹೋಯಿತು. ನಾಳೆ ಒರೆಸಿದರಾಯಿತು ಎಂದು ಅಪ್ಪ ರೈಫಲನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟ ಮಗಳಿಗೆ ಲಾರಿ ಬಡಿಯಿತು. ಅವಳು ಉಳಿಯಲಿಲ್ಲ.

ಒರೆಸದ ಕೋವಿ ತಂದ ಗಿರಾಕಿಗಳಿಗೆ ಮುಖದ ನೀರಿಳಿಸುತ್ತಿದ್ದ ಮನುಷ್ಯ ಆಮೇಲೆ ಆ ಪೆಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ. ನಳಿಗೆಯೊಳಗಿನ ಮಸಿ ಮಗಳದು. ಒರೆಸಿದರೆ ಅದೂ ಹೋಗುತ್ತದೆ ಎಂಬ ಸಂಕಟ ಅವನಿಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಡತಿಯೇ ಪೆಟ್ಟಿಗೆ ತಂದು ಅವನ ಕೆಲಸದ ಮೇಜಿನ ಮೇಲಿಟ್ಟಳು. ಜೊತೆಗೆ ಬಂದಿದ್ದ ತಮ್ಮ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ತುಕ್ಕು ಈಗಷ್ಟೇ ಶುರುವಾಗಿದೆ ಎಂದ.

"ಅವಳು ಮುಟ್ಟಿದ್ದು ಅಂತ ಇಟ್ಕೊಂಡಿದ್ದೀರಿ," ಎಂದಳು ಹೆಂಡತಿ. "ಅದನ್ನೇ ಹಾಳಾಗೋಕೆ ಬಿಟ್ಟಿದ್ದೀರಲ್ಲ."

ಅವನು ನಳಿಗೆ ಒರೆಸುವ ಸಲಾಕೆ ತೆಗೆದುಕೊಂಡ. ಮೊದಲ ಬಟ್ಟೆ ಕಪ್ಪಗೆ ಬಂತು, ಆಮೇಲಿನವು ಗುಂಡು ಬಿಟ್ಟುಹೋದ ತಾಮ್ರದ ಕಿಲುಬಿನಿಂದ ಹಸಿರಾದವು. ಕೊನೆಗೊಂದು ಬೆಳ್ಳಗೆ ಬಂತು. ಜೀವಮಾನವಿಡೀ ಆ ಬಿಳುಪು ಕಂಡು ಹಿಗ್ಗುತ್ತಿದ್ದವನು ಇಂದು ಮುಖ ತಿರುಗಿಸಿ ಅತ್ತುಬಿಟ್ಟ. ಕಪ್ಪು ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಮರುದಿನ ಭಾವ, ಭಾವಮೈದುನ ಇಬ್ಬರೂ ಮೈದಾನಕ್ಕೆ ಹೋದರು. ರಿಪೇರಿಯವನು ಬೋರಲಾಗಿ ಮಲಗಿ ಮೊದಲ ಗುಂಡು ಹೊಡೆದ. ಇಷ್ಟು ವರ್ಷ ಒರೆಸುವುದನ್ನು ಆಡಿಕೊಂಡು ನಕ್ಕಿದ್ದ ಭಾವಮೈದುನ ತಾನಾಗಿಯೇ ಸಲಾಕೆಗೆ ಬಟ್ಟೆ ಸಿಕ್ಕಿಸಿ ಮುಂದೆ ಹಿಡಿದ.

"ಬೇಡ," ಎಂದ ರಿಪೇರಿಯವನು.

ಅವನು ಒರೆಸದೆ ಹೊಡೆಯುತ್ತಲೇ ಹೋದ. ಹತ್ತು ಮುಗಿದಾಗ ನಳಿಗೆ ಮುಟ್ಟಲಾಗದಷ್ಟು ಕಾದಿತ್ತು. ಭಾವಮೈದುನ ಹೋಗಿ ಗುರಿಹಲಗೆಯ ಕಾಗದ ಕಿತ್ತು ತಂದ. ಹತ್ತೂ ಗುಂಡು ಒಂದು ಬಟ್ಟಲಿನ ಬಾಯಷ್ಟು ಜಾಗದಲ್ಲಿ ಕೂತಿದ್ದವು. ನಳಿಗೆಗೆ ಏನೂ ಆಗಿರಲಿಲ್ಲ.

ರಿಪೇರಿಯವನು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಅವಳಿಗೆ ಅವತ್ತೇ ಹೊಡಿ ಅನ್ನಬಹುದಿತ್ತಲ್ಲೋ," ಎಂದ.

ವರ್ಷಗಟ್ಟಲೆಯ ವಾದ ಗೆದ್ದ ಭಾವಮೈದುನ ಅವನ ಪಕ್ಕದಲ್ಲಿ ಕುಸಿದು ಕೂತು, "ಇಲ್ಲ ಭಾವ, ಒರೆಸಬೇಕಿತ್ತು, ನೀವು ಹೇಳಿದ್ದೇ ಸರಿ," ಎಂದು ಬಿಕ್ಕಿದ.