ಲಕ್ಷ್ಮಕ್ಕನ ಮಗನಿಗೆ ಸೋಕಿದ ಗಾಳಿ

ನಮ್ಮ ವೈ.ಎನ್.ಹೊಸಕೋಟೆ ಕಡೆ ಯಾರಿಗಾದರೂ ಗಡಗಡ ಚಳಿಜ್ವರ ಬಂತು ಅನ್ನಿ, ಡಾಕ್ಟರ ಮಾತು ಆಮೇಲೆ. ಮೊದಲು ಕೇಳೋದೇ, "ಯಾವ ಮರದ ಕೆಳಗೆ ಹೋಗಿದ್ಯಪ್ಪ?" ಅಂತ.

ಲಕ್ಷ್ಮಕ್ಕನೂ ಮಗ ನರಸಿಂಹರಾಜುವನ್ನು ಅದನ್ನೇ ಕೇಳಿದಳು. ಅವನು ವಾರವೆಲ್ಲ ಕಡಲೆಕಾಯಿ ಮಿಲ್ಲಿನಲ್ಲಿ ದುಡಿಯುವವನು. ಭಾನುವಾರ ಬಂತೆಂದರೆ ಹಳೇ ಕೊಟ್ಟಿಗೆ ಬಿಟ್ಟು ಕದಲುತ್ತಿರಲಿಲ್ಲ. ಅಲ್ಲಿ ಅವನ ವೆಲ್ಡಿಂಗ್ ಮಿಷನ್ನು, ಗುಜರಿ ಕಬ್ಬಿಣ. ಯಾರೂ ಹೇಳಿ ಮಾಡಿಸುತ್ತಿರಲಿಲ್ಲ, ಅವನಿಗೆ ಅದೇ ಖುಷಿ. ಈಗಂತೂ ಹಟ ಹಿಡಿದಿದ್ದ. ಜಾರಿಬಿದ್ದು ಸೊಂಟ ಮುರಿದುಕೊಂಡ ತಾಯಿ ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಹೆಗಲು ಹಿಡೀಬೇಕು. ಅವಳಿಗೊಂದು ನಾಲ್ಕು ಕಾಲಿನ ವಾಕರ್ ತನ್ನ ಕೈಯಲ್ಲೇ ಮಾಡಿಕೊಡಬೇಕು.

ಆದರೆ ಭಾನುವಾರ ವೆಲ್ಡಿಂಗಿಗೆ ಕೂತರೆ ಸಂಜೆ ಇಳಿಯುತ್ತಲೇ ಜ್ವರ, ಮೈಕೈ ನೋವು, ಕೆಮ್ಮು. ಮಾರನೇ ದಿನಕ್ಕೆ ಮಾಯ! ಮುಂದಿನ ಭಾನುವಾರ ಮತ್ತೆ ಹಾಜರು. ಕೊಟ್ಟಿಗೆ ಗೋಡೆಯ ಮೇಲೆ ಬಿಳಿ ಬೂದಿ ಬೇರೆ. ಬೂದಿ ಕಂಡ ಮೇಲೆ ಲಕ್ಷ್ಮಕ್ಕನಿಗೆ ಇನ್ನೇನು ಅನುಮಾನ? "ಗಾಳಿ ಸೋಕೈತೆ" ಅಂದವಳೇ ಮಗನ ತೋಳಿಗೆ ತಾಯತ ಕಟ್ಟಿಸಿದಳು. ಗಾಳಿ ಒಳಗೆ ನುಗ್ಗಬಾರದೆಂದು ಕೊಟ್ಟಿಗೆ ಕಿಟಕಿಗೆ ಗೋಣಿಚೀಲ ತುರುಕಿಸಿದಳು. ಆ ಭಾನುವಾರ ಅವನು ಉಸಿರೆಳೆಯಲಾರದೆ ಒದ್ದಾಡಿಬಿಟ್ಟ. ಮುದುಕಿ ಗೋಗರೆದಳು.

"ಲೇ ರಾಜ, ನಂಗೆ ಯಾವ ವಾಕರ್ರೂ ಬ್ಯಾಡ ಕಣ್ಲಾ. ತೆವಳ್ಕೊಂಡೇ ಓಯ್ತೀನಿ. ನೀನು ಬದುಕಿದ್ರೆ ಸಾಕು."

"ಮುಗಿಸೇ ಮುಗಿಸ್ತೀನಿ ಬುಡಮ್ಮ," ಅಂದ ಅವನು ಕೆಮ್ಮುತ್ತಲೇ.

ಆಶಾ ಕಾರ್ಯಕರ್ತೆ ಅನುಪಮಾ ಸುದ್ದಿ ಕೇಳಿ ಓಡಿಬಂದು ಅವನನ್ನು ಆಸ್ಪತ್ರೆಗೆ ಸೇರಿಸಿದಳು. ವಾಪಸ್ ಬಂದು ಲಕ್ಷ್ಮಕ್ಕನ ಪಕ್ಕ ಕೂತಳು.

"ಗಾಬರಿಯಿಲ್ಲ ಅಜ್ಜಿ, ಹುಷಾರಾಗ್ತಾರೆ. ನೀವಂದಿದ್ದು ಸರಿ, ಗಾಳಿನೇ ಸೋಕಿರೋದು."

"ನಾನೇಳ್ಲಿಲ್ವಾ!"

"ಆದ್ರೆ ಮರದ್ದಲ್ಲ, ಪೈಪಿಂದು. ಗುಜರಿಯಿಂದ ತಂದಿರೋದು ಜಿಐ ಪೈಪು. ತುಕ್ಕು ಹಿಡೀದಿರ್ಲಿ ಅಂತ ಅದಕ್ಕೆ ಸತು ಬಳಿದಿರ್ತಾರೆ. ವೆಲ್ಡಿಂಗ್ ಶಾಖಕ್ಕೆ ಆ ಸತು ಹೊಗೆಯಾಗಿ ಎದೆಗೆ ಇಳಿದು ಜ್ವರ, ಕೆಮ್ಮು ತರುತ್ತಂತೆ, ಡಾಕ್ಟರ್ ಹೇಳಿದ್ರು. ಗೋಡೆ ಮೇಲಿನ ಬೂದಿನೂ ಅದೇ."

"ಅಂಗಾದ್ರೆ... ಆ ಕಿಟಕಿ?"

ಅನುಪಮಾ ತಡವರಿಸಿದಳು. "ಹೊಗೆ ಹೊರಗೆ ಹೋಗೋಕೆ ಇದ್ದಿದ್ದು ಅದೊಂದೇ ದಾರಿ ಅಜ್ಜಿ."

ಅಯ್ಯೋ, ಆ ತಾಯಿಯ ಸಂಕಟ ಹೇಳತೀರದು. ಕೈಯಾರೆ ಮಗನ ಉಸಿರು ಕಟ್ಟಿಸಿದೆನಲ್ಲ! ಆದರೆ ಅವಳು ಅಳುತ್ತಾ ಕೂರುವವಳಲ್ಲ. ತೋಳು ಕೊಡಲು ಬಂದ ಅನುಪಮಾಳಿಗೆ "ಬುಡವ್ವ" ಅಂದು, ಗೋಡೆ ಹಿಡಿದು ಹಿಡಿದು ಕೊಟ್ಟಿಗೆಗೆ ಹೋಗಿ, ಚೀಲ ಕಿತ್ತು ಎಸೆದಳು.

ಎದೆ ಪೂರಾ ಹಗುರಾಗುವವರೆಗೆ ನರಸಿಂಹರಾಜು ಮಿಷನ್ ಮುಟ್ಟಲಿಲ್ಲ. ಆಮೇಲೆ ಸತು ಬಳಿಯದ ಎಂಎಸ್ ಪೈಪು ತಂದ. ಕೆಲಸ ಬಯಲಿಗೆ ಬಂತು. ಮುಖಕ್ಕೆ ಸುತ್ತಿಕೊಳ್ಳುತ್ತಿದ್ದ ಟವಲಿನ ಬದಲು ವೆಲ್ಡಿಂಗ್ ಹೊಗೆ ತಡೆಯುವ ಮಾಸ್ಕ್ ಬಂತು. ಲಕ್ಷ್ಮಕ್ಕ ಜಗಲಿಯಲ್ಲಿ, ವೆಲ್ಡಿಂಗ್ ಬೆಳಕು ಕಣ್ಣಿಗೆ ಹೊಡೆಯದಂತೆ ಬೆನ್ನು ತಿರುಗಿಸಿ ಕೂತೇ ಕೂಗುವಳು: "ಗಾಳಿ ಯಾವ ಕಡಿಂದ ಬೀಸ್ತೈತೆ ನೋಡ್ಕಳ್ಳಾ!" ವಾಕರ್ ಮುಗಿದ ದಿನ ಅವಳು ಯಾರ ಹೆಗಲೂ ಹಿಡಿಯದೆ ಬಚ್ಚಲಿಗೆ ಹೋಗಿಬಂದಳು.

ಅಣ್ಣಂದಿರೇ, ಮನೆಯಲ್ಲಿ ವೆಲ್ಡಿಂಗ್ ಮಾಡ್ತೀರಾ? ಮಾಡಿ, ಬೇಡ ಅಂದವರು ಯಾರು! ಆದರೆ ಜಿಐ ಪೈಪಿಗೆ ವೆಲ್ಡಿಂಗ್ ರಾಡ್ ತಾಗಿಸಬೇಡಿ, ಬಾಗಿಲು ಹಾಕಿಕೊಂಡು ಕೂರಬೇಡಿ. ಹಾಲು ಕುಡಿದರೆ ಹೊಗೆ ಏನೂ ಮಾಡಲ್ಲ ಅನ್ನೋರನ್ನು ನಂಬಬೇಡಿ. ಜ್ವರ, ಕೆಮ್ಮು, ಉಬ್ಬಸ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ವೆಲ್ಡಿಂಗ್ ಮಾಡಿದ್ದೆ ಅಂತ ಬಾಯಿಬಿಟ್ಟು ಹೇಳಿ. ಈಗಲೇ ಎದ್ದು ಹೋಗಿ, ನೀವು ಕೆಲಸಕ್ಕೆ ಕೂರುವ ಜಾಗದಲ್ಲಿ ಹೊಗೆ ಹೊರಗೆ ಹೋಗಲು ದಾರಿ ಇದೆಯಾ ನೋಡಿ ಬನ್ನಿ.