ಒಂದೇ ಅಡ್ಡಹೆಸರಿನವರ ಗೋಡೆ

ಬೆಳಿಗ್ಗೆ ಹನ್ನೊಂದೂವರೆಗೆ ಸಂಘದ ಸಭೆ ಗೋಡೆಯ ಕೊನೆಯ ಪಟಕ್ಕೆ ಬಂತು. ಅದು ಕಾರ್ಯದರ್ಶಿಯ ಅಜ್ಜನದು.

ಒಂದೇ ಅಡ್ಡಹೆಸರಿನವರ ಸಂಘ ಅದು. ಆ ಅಡ್ಡಹೆಸರಿನವರಲ್ಲಿ ಹೆಸರು ಮಾಡಿದವರ ಪಟಗಳು ಸಭಾಂಗಣದ ಗೋಡೆ ತುಂಬಿದ್ದವು: ಡಾಕ್ಟರು, ನ್ಯಾಯಾಧೀಶೆ, ಸೇತುವೆ ಕಟ್ಟಿದ ಇಂಜಿನಿಯರು. ಹೊಸಬರಿಗೆ ಜಾಗ ಬೇಕೆಂದರೆ ಹಳಬರೊಬ್ಬರು ಇಳಿಯಬೇಕು. ಅಧ್ಯಕ್ಷರು ಒಂದೊಂದೇ ಪಟ ತೋರಿಸಿ, "ಇವರು ಏನು ಮಾಡಿದ್ರು?" ಎಂದು ಕೇಳುತ್ತಾರೆ, ಯಾರೂ ಹೇಳಲಾಗದ ಪಟ ಇಳಿಯುತ್ತದೆ. ಸ್ವಂತ ಮನೆಯವರು ಬಾಯಿ ಬಿಡುವಂತಿಲ್ಲ. ಹೇಳಿದ್ದು ನಿಜವೇ ಎಂದು ಖಾತ್ರಿಪಡಿಸುವುದು ಕಾರ್ಯದರ್ಶಿಯ ಕೆಲಸ. ಈ ಸಲ ಕಾದಿದ್ದು ಹೋದ ವರ್ಷ ತೀರಿಕೊಂಡ ಗಾಯಕಿಯ ಪಟ. ಅದು ಬಾಗಿಲ ಬಳಿ ಗೋಡೆಗೊರಗಿತ್ತು; ಯಾರೂ ಇಳಿಯದಿದ್ದರೆ ಮುಂದಿನ ವರ್ಷದವರೆಗೂ ಅಲ್ಲೇ. ಮಿಕ್ಕ ಹಳಬರೆಲ್ಲ ಪಾಸಾಗಿದ್ದರು.

ಅಜ್ಜ ಚದುರಂಗದಲ್ಲಿ ದೇಶಕ್ಕೇ ಮೊದಲಿಗರಾಗಿದ್ದವರು. ಅದನ್ನು ಬಲ್ಲವರು ಅಲ್ಲಿ ಇಬ್ಬರೇ: ಕಾರ್ಯದರ್ಶಿ ಮತ್ತು ಮುಂದಿನ ಸಾಲಿನಲ್ಲಿ ಕೂತಿದ್ದ ಸೋದರತ್ತೆ. "ಅಪ್ಪನ ಪಟ ಇಳಿದ್ರೆ ನಿನ್ನ ಮುಖ ನೋಡಲ್ಲ ಕಣೋ" ಎಂದು ಅತ್ತೆ ಮೆಟ್ಟಿಲ ಮೇಲೇ ಹೇಳಿಯಾಗಿತ್ತು.

ಹಿಂದಿನ ಸಾಲಿನಿಂದ ನಿವೃತ್ತ ಪೋಸ್ಟ್‌ಮಾಸ್ಟರ್ ಎದ್ದರು. "ಇವರೇ ತಾನೆ ಕಾಲರಾ ಬಂದಾಗ ಮನೆಮನೆಗೆ ಹೋಗಿ ಔಷಧಿ ಕೊಟ್ಟೋರು?"

ಹಾಗೆ ಹೋದವರು ಡಾಕ್ಟರು. ಇಬ್ಬರದೂ ಅದೇ ಕರಿ ಕೋಟು, ಅದೇ ಮೀಸೆ, ಕೆಳಗೆ ಅದೇ ಅಡ್ಡಹೆಸರು. ಡಾಕ್ಟರು ಆಸ್ಪತ್ರೆ ಕಟ್ಟಿಸಿದ ಮಾತಿನ ಮೇಲೆ ಆಗಲೇ ಉಳಿದುಕೊಂಡಿದ್ದರು.

"ಸರೀನಾ, ಕಾರ್ಯದರ್ಶಿಗಳೇ?" ಎಂದರು ಅಧ್ಯಕ್ಷರು.

"ಹೂಂ ಅಂದ್ಬಿಡಿ ಸ್ವಾಮಿ, ಹೊಟ್ಟೆ ತಾಳ ಹಾಕ್ತಿದೆ" ಎಂದರು ಯಾರೋ. ನಾಲ್ಕಾರು ಮಂದಿ ನಕ್ಕರು.

ಕಾರ್ಯದರ್ಶಿಗೂ ಸಾಕಾಗಿತ್ತು. ಪ್ರತಿ ವರ್ಷ ಯಾರದೋ ಮನೆಯವರ ಮುಖ ಬಾಡುವುದನ್ನು ನೋಡಿ ನೋಡಿ ಸುಸ್ತಾಗಿದ್ದ. ಒಂದು ಹೂಂ ಸಾಕಿತ್ತು. ಅತ್ತೆ ಆಗಲೇ ತಲೆಯಾಡಿಸುತ್ತಿದ್ದರು.

"ಅದು ಡಾಕ್ಟರು ಮಾಡಿದ್ದು" ಎಂದ. "ಇವರಲ್ಲ."

"ಮತ್ತೆ ಇವರೇನು ಮಾಡಿದ್ರು?"

"ನಾನು ಹೇಳೋ ಹಾಗಿಲ್ಲವಲ್ಲ."

ಅಧ್ಯಕ್ಷರು ಸಭೆಯತ್ತ ನೋಡಿದರು. ಒಂದೆರಡು ಕುರ್ಚಿ ಕಿರುಗುಟ್ಟಿದವು. ಯಾರೂ ಏಳಲಿಲ್ಲ.

ಏಣಿ ಹತ್ತಿ ಪಟ ಇಳಿಸಿದವನೂ ಅವನೇ. ಅದರ ಹಿಂದೆ ಬಣ್ಣ ಮಾಸದ ಚೌಕ ಉಳಿದಿತ್ತು. ಅತ್ತೆ ಅಂಗೈಯಿಂದ ಗಾಜಿನ ಧೂಳು ಒರೆಸಿದರು.

"ಒಂದು ಹೂಂ ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತೋ?"

"ಡಾಕ್ಟರ ಹೆಸರು ಹೇಳ್ಕೊಂಡು ಅಜ್ಜ ಅಲ್ಲಿ ನೇತಾಡ್ಬೇಕಿತ್ತಾ ಅತ್ತೆ?"

"ನೇತಾಡ್ತಾನಾದ್ರೂ ಇರ್ತಿದ್ರಲ್ಲ."

ಅವನು ಟ್ಯಾಕ್ಸಿ ಕರೆಸಿದ. ಅತ್ತೆ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಹೋದರು. ಊಟವಾದ ಮೇಲೆ ಅದೇ ಮೊಳೆಗೆ ಗಾಯಕಿಯ ಪಟ ಹಾಕಿದರು.